ಮಾತನಾಡಿಸಲು ಬರುವವರ ಖರ್ಚು ಕಾರ್ಡಿನಲ್ಲಿ ಸಿಗುತ್ತದೆಯೇ?

ಪ್ರಶ್ನೆ: ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆದು ಬಂದ ನನ್ನ ತಮ್ಮನನ್ನು, ಅದೇ ಕಾಯಿಲೆಯಿಂದ ಚೇತರಿಸಿಕೊಂಡ ಒಬ್ಬರು ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬಂದು ಮಾತನಾಡಿಸುತ್ತಾರೆ. ಅವರು ಬಂದು ಹೋದ ದಿನ ಅವನು ತಾನಾಗಿಯೇ ಮಾತ್ರೆ ನುಂಗುತ್ತಾನೆ. ಅವರಿಗೆ ಆಯುಷ್ಮಾನ್ ಕಾರ್ಡಿನಿಂದ ಏನಾದರೂ ಕೊಡಿಸಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಕೊಡಿಸಲು ಬರುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆ ಯೋಜನೆ ಭರಿಸುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಯನ್ನು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು ಹೇಳುತ್ತದೆಯಾದರೂ, ಅದರ ಮಾತೆಲ್ಲ ಚಿಕಿತ್ಸೆಯದೇ. ಅಮೆರಿಕದಲ್ಲಿ ಬಡವರ ಸರಕಾರಿ ವಿಮೆಯಾದ ಮೆಡಿಕೇಡ್, ತರಬೇತಿ, ಪ್ರಮಾಣಪತ್ರ ಮತ್ತು ಮೇಲ್ವಿಚಾರಣೆ ಇದ್ದರೆ ಇಂಥವರ ಸೇವೆಗೂ ಹಣ ಕೊಡಬಹುದೆಂದು 2007ರಲ್ಲಿಯೇ ಅಲ್ಲಿನ ರಾಜ್ಯಗಳಿಗೆ ತಿಳಿಸಿತು. ನಮ್ಮ ಯೋಜನೆಯೂ ಅದನ್ನು ಗಮನಿಸುವುದು ಒಳ್ಳೆಯದು. ಸದ್ಯಕ್ಕೆ ಅವರ ಬಸ್ ಖರ್ಚನ್ನು ನೀವೇ ಕೊಡಿ (ಮಹಿಳೆಯಾದರೆ ಶಕ್ತಿ ಯೋಜನೆಯಿಂದ ಅದೂ ಉಳಿಯುತ್ತದೆ). ಅವರು ಬಾರದ ದಿನಗಳಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.