ಮೋಡದಿಂದ ಕಣ್ಣಿಗೆ: ಆ ಕಟ್ ಕೆಲಸ ಮಾಡುವುದು ಹೇಗೆ?

ಪ್ರಿಯ ಓದುಗರೇ,

ಸ್ಪೇನಿನ ನಿರ್ದೇಶಕ ಬುನ್ಯುಯೆಲ್ ಮತ್ತು ಚಿತ್ರಕಾರ ಡಾಲಿ ಸೇರಿ 1929ರಲ್ಲಿ ಮಾಡಿದ ಮೂಕಿ ಕಿರುಚಿತ್ರ ‘ಅನ್ ಶಿಯೆನ್ ಅಂದಲೂ’ ನೋಡಿ ಎರಡು ಪ್ರಶ್ನೆ ಕೇಳಿದ್ದೀರಿ: ಅದರ ಆರಂಭದಲ್ಲಿ ಕತ್ತಿಯಿಂದ ಸೀಳುವ ಹೆಂಗಸಿನ ಕಣ್ಣು ನಿಜದ್ದೇ? ಸಿಕ್ಕ ಶಾಟ್‌ಗಳನ್ನು ಅಂಟಿಸಿದರೆ ನಾವೂ ಸರ್ರಿಯಲಿಸ್ಟ್, ಅಂದರೆ ಕನಸಿನಂತೆ ತರ್ಕ ಮೀರಿದ, ಕಿರುಚಿತ್ರ ಮಾಡಬಹುದೇ?

ಕಣ್ಣು ನಿಜದ್ದೇ, ಆದರೆ ಸತ್ತ ಕರುವಿನದು. ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಹೆಂಗಸಿನ ರೆಪ್ಪೆ ಬಿಡಿಸಿದ ಬೆರಳು, ಹತ್ತಿರ ಬರುವ ಕ್ಷೌರದ ಕತ್ತಿ. ಅಲ್ಲಿಂದ ಚಂದ್ರನಿಗೆ ಕಟ್, ಅಂದರೆ ಒಂದು ಶಾಟ್‌ನಿಂದ ನೇರ ಇನ್ನೊಂದಕ್ಕೆ ಜಿಗಿತ. ತೆಳುಮೋಡವೊಂದು ಅದರ ಮೇಲೆ ಅಡ್ಡಲಾಗಿ ಹಾಯುತ್ತದೆ. ಮರಳಿದಾಗ ತೆರೆ ತುಂಬ ಕರುವಿನ ಕಣ್ಣು. ದುಂಡಗಿನದರ ಮೇಲೆ ಅಡ್ಡಗೆರೆ ಎಳೆದದ್ದನ್ನು ಆಗಷ್ಟೇ ನೋಡಿದ್ದೇವೆ, ಹಾಗಾಗಿ ಕಣ್ಣು ಬದಲಾದದ್ದು ಗೊತ್ತೇ ಆಗುವುದಿಲ್ಲ. ಇದಕ್ಕೂ ಮೊದಲು ಬಾಲ್ಕನಿಯಲ್ಲಿ ಟೈ ಇಲ್ಲದಿದ್ದ, ಕತ್ತಿ ಹಿಡಿದ ಗಂಡಸಿನ ಕೊರಳಲ್ಲಿ ಈ ಹೊತ್ತಿಗೆ ಪಟ್ಟೆಪಟ್ಟೆ ಟೈ ಬಂದಿರುತ್ತದೆ. ಕೈಯ ಕೆಲಸ ಎಡೆಬಿಡದೆ ಸಾಗುವುದರಿಂದ ಅದೂ ಎಷ್ಟೋ ಜನರಿಗೆ ಕಾಣುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ತರ್ಕಕ್ಕೆ ಸಿಗುವ ಚಿತ್ರ ಒಂದೂ ಬೇಡವೆಂದು ಬುನ್ಯುಯೆಲ್ ಮತ್ತು ಡಾಲಿ ಚಿತ್ರಕಥೆ ಬರೆಯುವಾಗಲೇ ತೀರ್ಮಾನಿಸಿದ್ದರು. ಜೋಡಣೆಯಲ್ಲಿ ಮಾತ್ರ ಮಾಮೂಲಿ ಕಥಾಚಿತ್ರದ ಶಿಸ್ತನ್ನು ಬಿಡಲಿಲ್ಲ. ಇರುವೆ ಮುತ್ತಿದ ಅಂಗೈ, ಕಂಕುಳ ಕೂದಲು, ಮುಳ್ಳುಮೈಯ ಕಡಲಜೀವಿ, ಮೇಲಿನಿಂದ ಕಂಡ ತಲೆ: ಒಂದು ಇನ್ನೊಂದರೊಳಗೆ ಕರಗುತ್ತದೆ, ನಡುವಿನ ಕಪ್ಪು ಮಾತ್ರ ಉಳಿದುಕೊಳ್ಳುತ್ತದೆ. ‘ಹದಿನಾರು ವರ್ಷ ಮೊದಲು’ ಎಂದು ಬರೆದ ಕಾರ್ಡ್ ತೆರೆಯ ಮೇಲೆ ಬಂದು ಹೋದರೂ ಅದೇ ಕೋಣೆ, ಅದೇ ಇಬ್ಬರು. ಮನೆಯ ಬಾಗಿಲು ತೆರೆದರೆ ಹೊರಗೆ ಸಮುದ್ರತೀರ. ಆದರೂ ದಾಟುವ ಹೆಂಗಸಿನ ನಡಿಗೆ ತುಂಡಾಗುವುದಿಲ್ಲ.

ಆದ್ದರಿಂದ ಪ್ರತಿ ಕಟ್‌ನ ಎದುರು ಕೊಂಡಿ ಯಾವುದೆಂದು ಬರೆದಿಡಿ: ಆಕಾರವೋ, ನೋಟದ ದಿಕ್ಕೋ, ಚಲನೆಯೋ. ಒಂದಾದರೂ ಇರಲೇಬೇಕು. ಏನೂ ಇಲ್ಲದಿದ್ದರೆ ನೋಡುವವರು ಅದನ್ನು ಎಡಿಟಿಂಗ್ ತಪ್ಪೆಂದುಕೊಂಡು ಸುಮ್ಮನಾಗುತ್ತಾರೆ, ಬೆಚ್ಚುವುದಿಲ್ಲ. ಮಂಜು, ಓರೆ ಕ್ಯಾಮೆರಾ, ಮಸುಕು ಲೆನ್ಸ್ ಬೇಡ. ಅಮೆರಿಕದ ಕಲಾವಿದ ಮ್ಯಾನ್ ರೇ ತನ್ನ 1928ರ ಚಿತ್ರ ‘ಲೆತ್ವಾಲ್ ದ ಮೇರ್’ನಲ್ಲಿ ಮಸುಕು ಗಾಜಿನ ಮೂಲಕ ಚಿತ್ರೀಕರಿಸಿದ್ದು ಸೊಗಸಾಗಿದೆ, ನಿಜ. ಆದರೆ ಅಲ್ಲಿ ಕನಸೆಂದು ಮೊದಲೇ ತಿಳಿದುಬಿಡುತ್ತದೆ. ನಿಮಗೆ ಬೇಕಾದ ಆಘಾತಕ್ಕೆ ಸ್ಪಷ್ಟ ಬೆಳಕೇ ಸರಿ.

ಇನ್ನು, ನೀವು ನೋಡಿದ ಪ್ರತಿಯಲ್ಲಿ ಭಯ ಹುಟ್ಟಿಸುವ ಹಿನ್ನೆಲೆ ಸಂಗೀತ ಇತ್ತೆಂದು ಬರೆದಿದ್ದೀರಿ. ಅದು ಯಾರೋ ನಂತರ ಸೇರಿಸಿದ್ದು. ಪ್ಯಾರಿಸ್‌ನ ಮೊದಲ ಪ್ರದರ್ಶನದಲ್ಲಿ ಬುನ್ಯುಯೆಲ್ ತೆರೆಯ ಹಿಂದೆ ನಿಂತು ಗ್ರಾಮಫೋನಿನಲ್ಲಿ ಜರ್ಮನ್ ಸಂಗೀತಕಾರ ವ್ಯಾಗ್ನರ್‌ನ ಸಂಗೀತ ಮತ್ತು ಅರ್ಜೆಂಟೀನಾದ ಕುಣಿತದ ಸಂಗೀತವಾದ ಟ್ಯಾಂಗೋ ನುಡಿಸಿದ್ದರು. 1960ರಲ್ಲಿ ಅದೇ ಬಗೆಯ ಸಂಗೀತವನ್ನು ಚಿತ್ರಕ್ಕೆ ಕೂಡಿಸಲಾಯಿತು. ಆ ಪ್ರತಿಯನ್ನು ಹುಡುಕಿ ನೋಡಿ: ಕತ್ತಿ ಮಸೆಯುವಾಗ ಕೇಳಿಸುವುದು ಕುಣಿಯುವ ಟ್ಯಾಂಗೋ.

– ಸಂ.