ಔಟರ್ ವೈಲ್ಡ್ಸ್ (ಶಿಪ್‌ನಲ್ಲಿ ಗ್ರಹ ಗ್ರಹ ಸುತ್ತಿ ರಹಸ್ಯ ಬಿಡಿಸೋ ವಿಡಿಯೋ ಗೇಮ್): ಡಾರ್ಕ್ ಬ್ರ್ಯಾಂಬಲ್ ಅನ್ನೋ ಮಂಜು ತುಂಬಿದ ಗ್ರಹದ ಮೀನು ಪ್ರತಿ ಸಲ ನುಂಗ್ತಿದೆ, ದಾರಿನೇ ಗೊತ್ತಾಗ್ತಿಲ್ಲ. ದಾಟೋದು ಹೇಗೆ ಅಂತ ತೋರಿಸೋ ವಾಕ್‌ಥ್ರೂ ವಿಡಿಯೋ ನೋಡಿಬಿಡಲಾ, ಆಟ ಬಿಟ್ಟುಬಿಡಲಾ?

ಎರಡೂ ಬೇಡ. ನಾನು ನೋಡಿ ಕೆಟ್ಟವನು.

ಮಂಜಿನೊಳಗೆ ಶಿಪ್ ನುಗ್ಗಿಸೋದು, ದೂರದಲ್ಲೊಂದು ಬೆಳಕು ಕಾಣೋದು, ಹತ್ತಿರ ಹೋದರೆ ಅದು ಆಂಗ್ಲರ್‌ಫಿಶ್‌ನ ಮೂತಿ ಮುಂದೆ ತೂಗೋ ದೀಪ. ಶಿಪ್ ಸಮೇತ ಆರು ಸಲ ನುಂಗಿಸಿಕೊಂಡೆ. ಆರನೇ ಸಲ ಆದ ಮೇಲೆ ಪಾಜ್ ಒತ್ತಿ, ಫೋನ್ ತೆಗೆದು ಯೂಟ್ಯೂಬ್‌ನಲ್ಲಿ ಹುಡುಕಿದೆ. ನಲವತ್ತು ಸೆಕೆಂಡಿನ ತುಣುಕು, ಒಂದೇ ವಾಕ್ಯದ ಉತ್ತರ. ಮುಂದಿನ ಲೂಪ್‌ನಲ್ಲೇ, ಅಂದರೆ ಆಟ ಮತ್ತೆ ಮೊದಲಿಂದ ಶುರುವಾದ ಸುತ್ತಿನಲ್ಲೇ, ದಾಟಿದೆ.

ಆ ನಲವತ್ತು ಸೆಕೆಂಡು ಎಷ್ಟು ದುಬಾರಿ ಬಿತ್ತು ಅಂತ ಉದ್ದಕ್ಕೇ ಹೇಳ್ತೀನಿ, ಸಹಿಸಿಕೊಳ್ಳಿ. ಈ ಆಟದಲ್ಲಿ ಲೆವೆಲ್ ಇಲ್ಲ, ಆಯುಧ ಇಲ್ಲ, ಶಿಪ್‌ಗೆ ಅಪ್‌ಗ್ರೇಡ್ ಇಲ್ಲ. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮೊದಲಿಗೆ ಬಂದು ನಿಲ್ಲುತ್ತೆ. ಉಳಿಯೋದು ನಿಮ್ಮ ತಲೇಲಿರೋದು, ಶಿಪ್‌ನ ಲಾಗ್‌ನಲ್ಲಿರೋದು, ಅಷ್ಟೇ. ಎಲ್ಲ ಗೊತ್ತಿರೋರು ಒಂದೇ ಲೂಪ್‌ನಲ್ಲಿ ಆಟ ಮುಗಿಸ್ತಾರೆ. ಹಾಗಾಗಿ ಇಲ್ಲಿ ಯಾರಾದರೂ ಉತ್ತರ ಹೇಳಿದರೆ, ಆಟದ ಅಷ್ಟು ಭಾಗವನ್ನ ಅವರೇ ಆಡಿದ ಹಾಗೆ. ಸೇವ್ ಫೈಲ್ ಅಳಿಸಿ ಮೊದಲಿಂದ ಶುರು ಮಾಡಬಹುದು, ತಿಳಿದದ್ದನ್ನ ಅಳಿಸೋಕಾಗಲ್ಲ.

ಇದು ಅರ್ಥ ಆಗಿದ್ದು ಆಮೇಲೆ, ಎಂಬರ್ ಟ್ವಿನ್ ಅನ್ನೋ ಗ್ರಹದ ಗುಹೇಲಿ. ಕಾಲ ಕೆಳಗೆ ಮರಳು ಏರ್ತಾ ಇದೆ, ಟಾರ್ಚ್ ಬೆಳಕಲ್ಲಿ ಒಂದು ದೊಡ್ಡ ಅಸ್ಥಿಪಂಜರ. ಅದೇ ಮೀನು. ಅಲ್ಲೇ ನೊಮಾಯ್ (ಹಿಂದೆ ಇಲ್ಲಿ ಬದುಕಿದ್ದ ಅನ್ಯಲೋಕದ ಜನ) ಮಕ್ಕಳ ಸುರುಳಿ ಸುರುಳಿ ಬರಹ. ಟ್ರಾನ್ಸ್‌ಲೇಟರ್ ಹಿಡಿದರೆ ಒಂದೊಂದೇ ಸಾಲು ಬಿಚ್ಚಿಕೊಳ್ಳುತ್ತೆ: ತಾವು ಆಡೋ ಆಟದ ನಿಯಮ ಬರೆದಿಟ್ಟಿದ್ದಾರೆ! ಕುರ್ಚಿಯಿಂದ ಎದ್ದು ನಿಲ್ಲಬೇಕಾದ ಜಾಗ ಅದು. ನಾನು ‘ಹೌದು, ಗೊತ್ತು’ ಅಂದ್ಕೊಂಡು ಮುಂದೆ ನಡೆದೆ. (ನಿಮಗೂ ಅರ್ಧ ಹೇಳಿಬಿಟ್ಟೆ, ಕ್ಷಮಿಸಿ. ಮಕ್ಕಳು ಬರೆದಿದ್ದೇನು ಅಂತ ಮಾತ್ರ ಹೇಳಲ್ಲ.)

ನನ್ನ ತಪ್ಪಿನ ಬೇರು ಇರೋದು ವಿಡಿಯೋಗಿಂತ ಮುಂಚೆ. ಮೀನನ್ನ ಬಾಸ್ ಫೈಟ್, ಅಂದರೆ ಕೈಚಳಕದಿಂದ ಗೆಲ್ಲಬೇಕಾದ ದೊಡ್ಡ ಶತ್ರು, ಅಂದ್ಕೊಂಡೆ. ಇನ್ನೂ ಜೋರಾಗಿ ಓಡಿಸಿದರೆ, ಇನ್ನೂ ಚುರುಕಾಗಿ ತಿರುಗಿಸಿದರೆ ದಾಟ್ತೀನಿ ಅಂತ ಆರು ಸಲ ಅದೇ ಬಾಗಿಲಿಗೆ ತಲೆ ಚಚ್ಚಿಕೊಂಡೆ. ಕೀಲಿಕೈ ಬೇರೆ ಗ್ರಹದಲ್ಲಿತ್ತು. ‘ದಾರಿ ಸಿಗ್ತಿಲ್ಲ’ ಅಂತೀರಲ್ಲ, ಅದನ್ನ ನಾನು ಒಪ್ಪಲ್ಲ. ಬೇರೆ ಹತ್ತು ದಾರಿ ತೆರೆದಿವೆ, ನೀವು ಒಂದಕ್ಕೇ ಅಂಟಿಕೊಂಡಿದ್ದೀರಿ.

ಶಿಪ್‌ನ ಹಿಂಭಾಗದ ಕಂಪ್ಯೂಟರ್‌ನಲ್ಲಿ ಲಾಗ್ ತೆಗೆದು ರೂಮರ್ ಮೋಡ್‌ಗೆ ಹೋಗಿ. ಯಾವ ಸುಳಿವು ಎಲ್ಲಿಗೆ ಕೊಂಡಿ ಅಂತ ಗೆರೆ ಎಳೆದು ತೋರಿಸುತ್ತೆ. ಇನ್ನೂ ನೋಡೋದು ಬಾಕಿ ಇದೆ ಅಂತ ಕಿತ್ತಳೆ ಬಣ್ಣದ ಗುರುತು ಇರೋ ಕಾರ್ಡ್ ಆರಿಸಿ, ಮ್ಯಾಪ್ ಮೋಡ್‌ನಲ್ಲಿ ಅದನ್ನ ಗುರುತು ಹಾಕ್ಕೊಂಡು ಹೊರಡಿ. ಸೆಟ್ಟಿಂಗ್ಸ್‌ನಲ್ಲಿ ಓದುವಾಗ ಸಮಯ ನಿಲ್ಲಿಸೋ ಆಯ್ಕೆ ಇದೆ, ಆನ್ ಮಾಡಿ. ಅದು ಮೋಸ ಅನ್ನೋರ ಮಾತು ಕೇಳಬೇಡಿ.

ಎಂಬರ್ ಟ್ವಿನ್‌ಗೆ ಹೋಗೋದಾದರೆ ಎದ್ದ ಕೂಡಲೇ ಹೊರಡಿ. ಲೂಪ್ ಶುರುವಲ್ಲಿ ಮರಳೆಲ್ಲ ಪಕ್ಕದ ಆ್ಯಶ್ ಟ್ವಿನ್‌ನಲ್ಲಿರುತ್ತೆ, ಅಲ್ಲಿಂದ ಕಂಬದ ಹಾಗೆ ಸುರಿದು ಎಂಬರ್‌ನ ಗುಹೆಗಳನ್ನ ಕೆಳಗಿಂದ ತುಂಬುತ್ತಾ ಬರುತ್ತೆ. ತಡ ಮಾಡಿದರೆ ದಾರಿ ಮುಚ್ಚಿರುತ್ತೆ, ಇಲ್ಲಾ ಚಾವಣಿಗೆ ಒತ್ತಿ ಸಾಯಿಸುತ್ತೆ. ಆ್ಯಶ್ ಟ್ವಿನ್‌ದು ತಿರುಗುಮುರುಗು: ಮರಳು ಇಳಿದ ಮೇಲೇ ಕಟ್ಟಡಗಳು ಬಯಲಾಗೋದು.

ಆಟೋಪೈಲಟ್ ನಂಬಬೇಡಿ. ಅದು ನೇರ ಗೆರೆ ಹಿಡಿಯುತ್ತೆ, ನಡುವೆ ಸೂರ್ಯ ಇದ್ದರೂ ಸೀದಾ ಅದರೊಳಕ್ಕೇ. ಈ ಜೋಡಿ ಗ್ರಹ ಸೂರ್ಯನಿಗೆ ತೀರಾ ಹತ್ತಿರ ಇರೋದರಿಂದ ಇಲ್ಲೇ ಜಾಸ್ತಿ ಜನ ಸುಟ್ಟುಕೊಳ್ಳೋದು. ಸೂರ್ಯ ಅಡ್ಡ ಇದ್ದರೆ ಮೊದಲು ಶಿಪ್ ಮೇಲಕ್ಕೆ ಏರಿಸಿ, ದಾರಿ ತೆರವಾದ ಮೇಲೆ ಆಟೋಪೈಲಟ್ ಒತ್ತಿ. ಇಳಿಯೋಕೆ ಮುಂಚೆ ಮ್ಯಾಚ್ ವೆಲಾಸಿಟಿ ಬಟನ್ ಹಿಡಿದು ಗ್ರಹದ ವೇಗಕ್ಕೆ ಹೊಂದಿಸಿಕೊಳ್ಳಿ. ಮರಳು ಸುರಿಯೋದು ನಡುಪಟ್ಟಿಯ ಕಣಿವೆಗೆ, ಆದ್ದರಿಂದ ಗ್ರಹದ ಧ್ರುವದ ಕಡೆ ಶಿಪ್ ಇಳಿಸಿ.

ಮರಳು ಆಗಲೇ ತುಂಬಿದ್ದರೆ ಸುಮ್ಮನೆ ಕಾಯೋ ಅಗತ್ಯ ಇಲ್ಲ. ಜೈಂಟ್ಸ್ ಡೀಪ್ ಅನ್ನೋ ಗ್ರಹದಲ್ಲಿ ಕೊಳಲು ಊದ್ತಾ ಜೋಲಿಯಲ್ಲಿ ಮಲಗಿರೋ ಜೊತೆ ಪಯಣಿಗ ಗ್ಯಾಬ್ರೋನ ಮಾತಾಡಿಸ್ತಾ ಬನ್ನಿ, ಧ್ಯಾನ ಕಲಿಸ್ತಾರೆ. ಆಮೇಲೆ ಪಾಜ್ ಮೆನುವಿಂದಲೇ ಮುಂದಿನ ಲೂಪ್‌ಗೆ ಹಾರಬಹುದು. ದೂರದ ಸದ್ದು ಹಿಡಿಯೋ ಸಿಗ್ನಲ್‌ಸ್ಕೋಪ್ ಆ ಕಡೆ ತಿರುಗಿಸಿದರೆ ಕೊಳಲು ಕೇಳಿಸುತ್ತೆ.

ಇನ್ನೊಂದು, ಶಿಪ್‌ನಿಂದ ಇಳಿಯೋ ಮುಂಚೆ ಸ್ಪೇಸ್ ಸೂಟ್ ಹಾಕ್ಕೊಳ್ಳಿ. ನಗಬೇಡಿ, ಮೀನಿನ ಸಾವು ಆರು ಅಂದೆನಲ್ಲ, ಸೂಟ್ ಮರೆತು ಸತ್ತಿದ್ದು ಅದಕ್ಕಿಂತ ಜಾಸ್ತಿ.