ಬಣ್ಣ ಹೊಡೆಸುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ನೋಡಿ

ಬಚ್ಚಲುಮನೆಗೆ ತಾಗಿದ ಕೋಣೆಯ ಗೋಡೆಗೆ ಎರಡು ಸಲ ಪೇಂಟ್ ಮಾಡಿಸಿದರೂ ಬಣ್ಣ ಏಳುತ್ತಿದೆ, ಈ ಸಲ ಪುಟ್ಟಿ ದಪ್ಪ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಸುಮ್ನೆ ದುಡ್ಡು ಹಾಳು.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಹಪ್ಪಳದ ಹಾಗೆ ಉಬ್ಬಿದ ಬಣ್ಣವನ್ನು ಉಗುರಿನಿಂದ ಎತ್ತಿದರೆ ಹಿಂದೆ ಬಿಳಿ ಹಿಟ್ಟು. ಅದು ಬೂಷ್ಟಲ್ಲ, ಉಪ್ಪು. ಇಟ್ಟಿಗೆ, ಸಿಮೆಂಟಿನಲ್ಲಿರುವ ಉಪ್ಪು ನೀರಿನ ಜೊತೆ ಹೊರಗೆ ಬರುತ್ತದೆ. ನೀರು ಆರಿದ ಮೇಲೆ ಹರಳುಗಟ್ಟಿ ಬಣ್ಣವನ್ನು ತಳ್ಳುತ್ತದೆ.

ಮೊದಲು ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ, 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಬಚ್ಚಲಿನ ಟೈಲ್ಸ್ ಸಂದು, ಪೈಪ್ ಜಾಯಿಂಟ್ ಸರಿಮಾಡಿಸದೆ ಪೇಂಟರನ್ನು ಕರೆಯಲೇಬೇಡಿ. ಸರಿಮಾಡಿಸಿದ ಮೇಲೂ ಗೋಡೆ ಆರಲು ವಾರಗಟ್ಟಲೆ ಬೇಕು. ಇಲ್ಲೇ ಎಲ್ಲರೂ ಅವಸರ ಮಾಡೋದು.

ಆಮೇಲೆ ಸಡಿಲ ಬಣ್ಣವನ್ನೆಲ್ಲ ಕೆರೆಸಿ. ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಗಾರೆಯನ್ನೂ ತೆಗೆಸಿ. ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ. ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ, ಅಲ್ವಾ? ಹೊಸ ಸಿಮೆಂಟ್ ಗಾರೆ ಹಾಕಿಸಿದರೆ 28 ದಿನ ಕಾಯಿರಿ. ಪುಟ್ಟಿ ವೈಟ್ ಸಿಮೆಂಟಿನದ್ದೇ ಇರಲಿ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ. ಅದರ ಮೇಲೆ ಪ್ರೈಮರ್, ಎರಡು ಕೋಟ್ ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ.

ಮನೆ ಹಳೆಯದಾಗಿದ್ದರೆ ಕೆರೆಯುವಾಗ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು.